ಬೆಳವಣಿಗೆಯ ವಿಕಲತೆ ಇರುವವರೊಡನೆ ಕೆಲಸ: ಯಾವ ತರಬೇತಿ, ಎಲ್ಲಿಂದ ಶುರು?

ಈ ಕ್ಷೇತ್ರಕ್ಕೆ ಬರಬೇಕೆಂದಿರುವವರು ಮೊದಲು ಕೇಳುವುದು ಕೋರ್ಸಿನ ಹೆಸರನ್ನು. ಡಿ.ಎಡ್. ಒಳ್ಳೆಯದೋ ಬಿ.ಎಡ್. ಒಳ್ಳೆಯದೋ, ಥೆರಪಿ ಕಲಿತರೆ ಸಂಬಳ ಹೆಚ್ಚೋ, ಆರು ತಿಂಗಳಲ್ಲಿ ಮುಗಿಯುವಂಥದ್ದು ಏನಾದರೂ ಇದೆಯೋ ಎಂದು. ಪ್ರಶ್ನೆಗಳಲ್ಲಿ ತಪ್ಪಿಲ್ಲ, ಸರದಿಯಲ್ಲಿ ತಪ್ಪಿದೆ. ಅದಕ್ಕೂ ಮುಂಚೆ ಇನ್ನೆರಡನ್ನು ಕೇಳಿಕೊಳ್ಳಬೇಕು: ನಾನು ಯಾವ ವಯಸ್ಸಿನವರ ಜೊತೆ ಇರಬಲ್ಲೆ? ಅವರ ದಿನದ ಯಾವ ಹೊತ್ತಿನಲ್ಲಿ ಇರಬಲ್ಲೆ?

ಎರಡು ವರ್ಷದ ಮಗುವಿನ ಮನೆಗೆ ಹೋಗಿ ತಾಯಿಯ ಜೊತೆ ಕುಳಿತು ಆಟ ಆಡಿಸುವವರಿದ್ದಾರೆ. ಶಾಲೆಯಲ್ಲಿ ಹತ್ತರಿಂದ ನಾಲ್ಕರವರೆಗೆ ಕಲಿಸುವವರಿದ್ದಾರೆ. ಮೂವತ್ತೈದರ ಗಂಡಸಿಗೆ ಬೆಳಿಗ್ಗೆ ಸ್ನಾನಕ್ಕೆ ನೆರವಾಗುವವರಿದ್ದಾರೆ, ಅವನಿಗೆ ಒಬ್ಬನೇ ಬಸ್ ಹತ್ತಿ ಕೆಲಸಕ್ಕೆ ಹೋಗುವುದನ್ನು ಕಲಿಸುವವರೂ ಇದ್ದಾರೆ. ಹೊರಗಿನವರಿಗೆ ಇದೆಲ್ಲ ಒಂದೇ ‘ಸೇವೆ’ಯಾಗಿ ಕಾಣುತ್ತದೆ. ಒಳಗೆ ಬಂದರೆ ಬೇಕಾದ ಓದು, ತಾಳ್ಮೆ, ಬೆನ್ನಿನ ಶಕ್ತಿ ಎಲ್ಲವೂ ಬೇರೆ ಬೇರೆ. ಚಿಕ್ಕ ಮಕ್ಕಳೆಂದರೆ ಪ್ರಾಣ ಬಿಡುವವರು ಮೀಸೆ ಮೂಡಿದ ಹುಡುಗನ ಮುಂದೆ ಕೈಚೆಲ್ಲಿ ಕೂರುವುದುಂಟು. ಅದು ಕೊರತೆಯಲ್ಲ, ಆದರೆ ಶುಲ್ಕ ಕಟ್ಟುವ ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಯಾರ ಬಗ್ಗೆ ಈ ಮಾತು

ಗರ್ಭದಲ್ಲಿ, ಹೆರಿಗೆಯ ಹೊತ್ತಿನಲ್ಲಿ ಅಥವಾ ಬಾಲ್ಯದಲ್ಲಿ ಮೆದುಳಿನ ಬೆಳವಣಿಗೆಯಲ್ಲಿ ವ್ಯತ್ಯಾಸವಾಗಿ, ಅದರ ಪರಿಣಾಮ ಜೀವನದುದ್ದಕ್ಕೂ ಉಳಿಯುವ ಸ್ಥಿತಿಗಳಿವು. ಬೌದ್ಧಿಕ ವಿಕಲತೆ, ಆಟಿಸಂ (ಒಡನಾಟ, ಸಂವಹನದ ರೀತಿಯೇ ಬೇರೆಯಾಗಿರುವುದು), ಸೆರೆಬ್ರಲ್ ಪಾಲ್ಸಿ (ಚಲನೆ ಮತ್ತು ಸ್ನಾಯುಗಳ ಹಿಡಿತದ ತೊಂದರೆ), ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಇರುವ ವರ್ಣತಂತುವಿನ ವ್ಯತ್ಯಾಸ) ಇವುಗಳಲ್ಲಿ ಮುಖ್ಯವಾದವು. ಇವು ಮಾನಸಿಕ ಕಾಯಿಲೆಗಳಲ್ಲ, ಗುಳಿಗೆಯಿಂದ ವಾಸಿಯಾಗುವಂಥವೂ ಅಲ್ಲ. ಜೊತೆಯಲ್ಲಿ ಬರಬಹುದಾದ ಮೂರ್ಛೆ, ಥೈರಾಯ್ಡ್, ಕಣ್ಣು ಕಿವಿಯ ತೊಂದರೆಗಳಿಗೆ ಮಾತ್ರ ಖಂಡಿತ ಚಿಕಿತ್ಸೆ ಇದೆ. ಸೆರೆಬ್ರಲ್ ಪಾಲ್ಸಿ ಇರುವ ಎಷ್ಟೋ ಜನರ ಬುದ್ಧಿ ಚುರುಕಾಗಿಯೇ ಇರುತ್ತದೆ. ಮಾತು ಅಸ್ಪಷ್ಟವಾದ ಮಾತ್ರಕ್ಕೆ ಊರು ಅವರನ್ನು ದಡ್ಡರ ಪಟ್ಟಿಗೆ ಸೇರಿಸಿಬಿಡುತ್ತದೆ.

ಕಾನೂನಿನ ದೃಷ್ಟಿಯಲ್ಲಿ ಎರಡು ಕಾಯ್ದೆಗಳು ನಿಮಗೆ ದಿನವೂ ಎದುರಾಗುತ್ತವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವಿಕಲತೆಗಳನ್ನು ಗುರುತಿಸುತ್ತದೆ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ ಮತ್ತು ಬಹುವಿಕಲತೆ ಎಂಬ ನಾಲ್ಕಕ್ಕಾಗಿಯೇ ಬಂದದ್ದು. ಇವುಗಳ ಕಡೆಗೆ ಮತ್ತೆ ಬರೋಣ.

ಮೊದಲ ಹೆಜ್ಜೆ: ಅರ್ಜಿ ಹಾಕುವ ಮುನ್ನ ಹೋಗಿ ಕುಳಿತು ನೋಡಿ

ನಿಮ್ಮ ಊರಿನ ಹತ್ತಿರದ ವಿಶೇಷ ಶಾಲೆಗೋ ಹಗಲು ಆರೈಕೆ ಕೇಂದ್ರಕ್ಕೋ ಹೋಗಿ ಕೆಲವು ವಾರ ಸ್ವಯಂಸೇವಕರಾಗಿ ಇರುತ್ತೇನೆಂದು ಕೇಳಿ. ಬೆಂಗಳೂರಿನವರಿಗೆ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ, 1959ರಿಂದ ಕೆಲಸ ಮಾಡುತ್ತಿರುವ ಎ.ಪಿ.ಡಿ. (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ) ಮುಂತಾದ ಹಳೆಯ ಸಂಸ್ಥೆಗಳಿವೆ. ಮಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲೂ ಶಾಲೆಗಳಿಗೆ ಕೊರತೆಯಿಲ್ಲ. ಸಣ್ಣ ಊರಿನವರು ಜಿಲ್ಲೆಯ ಅಂಗವಿಕಲರ ಕಲ್ಯಾಣಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿದರೆ ಜಿಲ್ಲೆಯ ಶಾಲೆಗಳ ಪಟ್ಟಿ ಸಿಗುತ್ತದೆ. ಶಾಲೆಯೇ ಇಲ್ಲದ ಕಡೆ ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹುಡುಕಿ. ವಿ.ಆರ್.ಡಬ್ಲ್ಯು. ಎಂದೇ ಎಲ್ಲರೂ ಕರೆಯುತ್ತಾರೆ. ತಾವೂ ಅಂಗವಿಕಲರಾಗಿರುವ ಈ ಕಾರ್ಯಕರ್ತರಿಗೆ ಯಾವ ಮನೆಯ ಹಿತ್ತಲ ಕೋಣೆಯಲ್ಲಿ ಯಾರು ಮಲಗಿದ್ದಾರೆ ಎಂಬುದು ಯಾವ ಸರ್ಕಾರಿ ಸಮೀಕ್ಷೆಗಿಂತಲೂ ಚೆನ್ನಾಗಿ ಗೊತ್ತಿರುತ್ತದೆ. ಅವರ ಜೊತೆ ಒಂದಷ್ಟು ಮನೆಗಳಿಗೆ ನಡೆದು ಬನ್ನಿ.

ಶಾಲೆಗೆ ಹೋದಾಗ ಮಕ್ಕಳ ದಿನಾಚರಣೆಯ ಹಾಡು, ಗಣರಾಜ್ಯೋತ್ಸವದ ನೃತ್ಯ ನೋಡಿ ಕಣ್ಣೀರು ಹಾಕಿಕೊಂಡು ಬರಬೇಡಿ. ಊಟದ ಹೊತ್ತು ನೋಡಿ, ಶೌಚಾಲಯದ ಹೊತ್ತು ನೋಡಿ, ಮಳೆ ಬಂದು ಎಲ್ಲರೂ ಒಂದೇ ಕೋಣೆಯಲ್ಲಿ ಸಿಕ್ಕಿಕೊಂಡ ಮಧ್ಯಾಹ್ನ ನೋಡಿ. ಜೊಲ್ಲು ಒರೆಸುವುದು, ಬಟ್ಟೆ ಬದಲಿಸುವುದು, ಒಂದೇ ಪ್ರಶ್ನೆಗೆ ಇಪ್ಪತ್ತು ಸಲ ಅದೇ ಧಾಟಿಯಲ್ಲಿ ಉತ್ತರಿಸುವುದು, ಹೊಡೆಸಿಕೊಂಡೂ ಸಿಟ್ಟಾಗದಿರುವುದು ಈ ಕೆಲಸದ ಅಂಚಿನ ಸಂಗತಿಗಳಲ್ಲ, ನಡುಮನೆಯೇ ಅದು. ಅಸಹ್ಯ ಮೊದಲ ದಿನ ಎಲ್ಲರಿಗೂ ಆಗುತ್ತದೆ. ವಾರ ಕಳೆದರೂ ಹೋಗದಿದ್ದರೆ ಇದೇ ಕ್ಷೇತ್ರದಲ್ಲಿ ದೈಹಿಕ ಆರೈಕೆ ಕಡಿಮೆ ಇರುವ ಮಾತಿನ ಚಿಕಿತ್ಸೆ, ಮೌಲ್ಯಮಾಪನ ಅಥವಾ ಕಚೇರಿಯ ಕೆಲಸ ನಿಮಗೆ ಹೊಂದಬಹುದು.

ಎರಡನೆಯ ಹೆಜ್ಜೆ: ದಾರಿಗಳ ಪೈಕಿ ಒಂದನ್ನು ಆರಿಸುವುದು

ಮನೆಯ ಪರಿಸ್ಥಿತಿಯಿಂದ ಬೇಗ ದುಡಿಯಬೇಕಾದವರಿಗೆ ಚಿಕ್ಕ ಅವಧಿಯ ದಾರಿಗಳಿವೆ. ರಾಷ್ಟ್ರೀಯ ನ್ಯಾಸದ ‘ಸಹಯೋಗಿ’ ಯೋಜನೆಯಡಿ ಆರೈಕೆ ಸಹಾಯಕರ ತರಬೇತಿ ನಡೆಯುತ್ತದೆ. ಈ ಕ್ಷೇತ್ರದ ಕೋರ್ಸುಗಳಿಗೆ ಮಾನ್ಯತೆ ಕೊಡುವ ಭಾರತೀಯ ಪುನರ್ವಸತಿ ಪರಿಷತ್ತು (ಆರ್.ಸಿ.ಐ.) ಮೆಲ್ಬರ್ನ್ ವಿಶ್ವವಿದ್ಯಾಲಯದ ಜೊತೆ ಸೇರಿ ರೂಪಿಸಿದ, ಸಮುದಾಯದಲ್ಲೇ ಇದ್ದು ಕೆಲಸ ಮಾಡುವ ಕಾರ್ಯಕರ್ತರಿಗಾಗಿನ ಆರು ತಿಂಗಳ ಸಿ.ಬಿ.ಐ.ಡಿ. ಕೋರ್ಸ್ 2021ರ ಮೇ ತಿಂಗಳಲ್ಲಿ ಶುರುವಾಯಿತು. ಹಳ್ಳಿಯಲ್ಲೇ ಇದ್ದು ಕೆಲಸ ಮಾಡಬಯಸುವವರಿಗೆ ಇದು ಚೆನ್ನಾಗಿ ಹೊಂದುತ್ತದೆ. ಆರು ತಿಂಗಳ ಓದಿನ ಬಲದಲ್ಲಿ ನಗರದಲ್ಲಿ ‘ಥೆರಪಿಸ್ಟ್’ ಎಂದು ಫಲಕ ಹಾಕಿಕೊಳ್ಳಲು ಮಾತ್ರ ಅಲ್ಲ.

ಕಲಿಸುವುದರಲ್ಲಿ ಆಸಕ್ತಿ ಇದ್ದರೆ ವಿಶೇಷ ಶಿಕ್ಷಣದ ದಾರಿ. ಪಿ.ಯು.ಸಿ. ಮುಗಿಸಿದವರು ಎರಡು ವರ್ಷದ ಡಿ.ಎಡ್. ವಿಶೇಷ ಶಿಕ್ಷಣಕ್ಕೆ ಸೇರಬಹುದು. ಅದರಲ್ಲಿ ‘ಐ.ಡಿ.ಡಿ.’ ಎಂಬ ವಿಭಾಗ ಬೌದ್ಧಿಕ ಮತ್ತು ಬೆಳವಣಿಗೆಯ ವಿಕಲತೆಗಳಿಗೆ ಸಂಬಂಧಿಸಿದ್ದು. ಶ್ರವಣದೋಷ, ದೃಷ್ಟಿದೋಷಗಳ ವಿಭಾಗಗಳೂ ಇದೇ ಹೆಸರಿನ ಡಿ.ಎಡ್. ಅಡಿಯಲ್ಲೇ ಇರುವುದರಿಂದ ಅರ್ಜಿ ತುಂಬುವಾಗ ಗಮನವಿಡಿ. ಪದವಿ ಆದವರಿಗೆ ಬಿ.ಎಡ್. ವಿಶೇಷ ಶಿಕ್ಷಣ ಇದೆ. ಬಿ.ಎಡ್. ದೊಡ್ಡದು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ, ಪ್ರೌಢಶಾಲೆಯ ಹುದ್ದೆಗೆ ಅದು ಬೇಕೇ ಬೇಕು. ಆದರೆ ತರಗತಿಯಲ್ಲಿ ಮಗುವಿನ ಪಕ್ಕ ನೆಲದ ಮೇಲೆ ಕುಳಿತು ಕಲಿಸುವ ಕೈಚಳಕ ಒಳ್ಳೆಯ ಡಿ.ಎಡ್. ಕಾಲೇಜಿನಿಂದ ಬಂದವರಲ್ಲೇ ಹೆಚ್ಚು ಎಂಬುದು ನನ್ನ ಅನಿಸಿಕೆ.

ಹೊರರಾಜ್ಯಕ್ಕೆ ಹೋಗಬಲ್ಲವರು ಸಿಕಂದರಾಬಾದಿನ ಎನ್.ಐ.ಇ.ಪಿ.ಐ.ಡಿ. ಕಡೆಗೆ ನೋಡಿ. 1984ರಲ್ಲಿ ಸ್ಥಾಪನೆಯಾದ ಈ ರಾಷ್ಟ್ರೀಯ ಸಂಸ್ಥೆ ಬೌದ್ಧಿಕ ವಿಕಲತೆಯ ವಿಷಯದಲ್ಲಿ ದೇಶಕ್ಕೇ ದೊಡ್ಡ ಕೇಂದ್ರ. ಬಹುವಿಕಲತೆಯ ಓದಿಗೆ ಚೆನ್ನೈ ಬಳಿಯ ಮುಟ್ಟುಕಾಡಿನಲ್ಲಿ ಇನ್ನೊಂದು ರಾಷ್ಟ್ರೀಯ ಸಂಸ್ಥೆ ಇದೆ. ಮಧ್ಯ ಕರ್ನಾಟಕದವರಿಗೆ ದಾವಣಗೆರೆಯ ಸಂಯುಕ್ತ ಪ್ರಾದೇಶಿಕ ಕೇಂದ್ರ, ಅಂದರೆ ಸಿ.ಆರ್.ಸಿ., ಹತ್ತಿರವಾಗುತ್ತದೆ.

ವಿಜ್ಞಾನ ಓದಿದವರಿಗೆ ಚಿಕಿತ್ಸಕರ ದಾರಿಯೂ ಉಂಟು. ಮಾತು, ಶ್ರವಣ, ನುಂಗುವಿಕೆ ಈ ಮೂರರ ಪದವಿಯಾದ ಬಿ.ಎ.ಎಸ್.ಎಲ್.ಪಿ. ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷದ್ದು. ಅದಕ್ಕೆ ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಿಂತ ಹೆಸರಾದ ಜಾಗ ದೇಶದಲ್ಲೇ ಇಲ್ಲ. ಪ್ರವೇಶ ಪರೀಕ್ಷೆಗೆ ದೇಶದ ಎಲ್ಲ ಕಡೆಯಿಂದ ಮಕ್ಕಳು ಬರುತ್ತಾರೆ, ನಮ್ಮ ಊರಿನ ಮಕ್ಕಳಿಗೆ ಮಾತ್ರ ಅದು ಕಿವಿ ಪರೀಕ್ಷೆ ಮಾಡಿಸುವ ಆಸ್ಪತ್ರೆ ಎಂದಷ್ಟೇ ಗೊತ್ತು. ಆಕ್ಯುಪೇಶನಲ್ ಥೆರಪಿ (ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆ), ಫಿಸಿಯೊಥೆರಪಿಗಳು ನಾಲ್ಕು ವರ್ಷಕ್ಕೂ ಹೆಚ್ಚಿನ ಪದವಿಗಳು. ಇವು 2021ರ ಅಲೈಡ್ ಹೆಲ್ತ್ (ಪೂರಕ ಆರೋಗ್ಯ ವೃತ್ತಿಗಳ) ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಮಟ್ಟಿಗೆ ಆಕ್ಯುಪೇಶನಲ್ ಥೆರಪಿಸ್ಟರ ಕೊರತೆ ಬೆಂಗಳೂರು, ಮಣಿಪಾಲ, ಮಂಗಳೂರುಗಳನ್ನು ದಾಟಿದರೆ ಎದ್ದು ಕಾಣುತ್ತದೆ.

ಮೂರನೆಯ ಹೆಜ್ಜೆ: ಮಾನ್ಯತೆ ಪರಿಶೀಲನೆ

ಇಲ್ಲಿ ಸ್ವಲ್ಪ ಕಟುವಾಗಿ ಹೇಳಬೇಕು. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆಯಂತೆ ವಿಶೇಷ ಶಿಕ್ಷಕರು, ವಾಕ್ ಚಿಕಿತ್ಸಕರು, ಕ್ಲಿನಿಕಲ್ ಮನೋವಿಜ್ಞಾನಿಗಳು ಮುಂತಾದವರು ಪರಿಷತ್ತು ಮಾನ್ಯ ಮಾಡಿದ ಕೋರ್ಸ್ ಮುಗಿಸಿ, ಕೇಂದ್ರೀಯ ಪುನರ್ವಸತಿ ನೋಂದಣಿ ಪುಸ್ತಕದಲ್ಲಿ ಹೆಸರು ಬರೆಸಿರಬೇಕು. ನೋಂದಣಿ ಇಲ್ಲದೆ ವೃತ್ತಿ ಮಾಡಿದರೆ ಒಂದು ವರ್ಷದವರೆಗಿನ ಸೆರೆವಾಸ, ಇಲ್ಲವೇ ಸಾವಿರ ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ ಎಂದು ಕಾಯ್ದೆಯ 13ನೇ ಕಲಂ ಹೇಳುತ್ತದೆ. ಸಾವಿರ ರೂಪಾಯಿಗೆ ಯಾರೂ ಹೆದರುತ್ತಿಲ್ಲ ಎನ್ನುವುದಕ್ಕೆ ನಗರಗಳ ಗಲ್ಲಿಗಲ್ಲಿಯಲ್ಲಿ ತಲೆ ಎತ್ತಿರುವ ಕೇಂದ್ರಗಳೇ ಸಾಕ್ಷಿ. ಆದರೆ ಸರ್ಕಾರಿ ಕೆಲಸ, ಅನುದಾನಿತ ಶಾಲೆ, ಒಳ್ಳೆಯ ಸಂಸ್ಥೆ ಯಾವುದೇ ಇರಲಿ, ಈ ನೋಂದಣಿ ಸಂಖ್ಯೆ ಇಲ್ಲದೆ ಬಾಗಿಲು ತೆರೆಯುವುದಿಲ್ಲ.

ಆದ್ದರಿಂದ ಕಾಲೇಜಿನ ಕರಪತ್ರವನ್ನು ನಂಬದೆ ಪರಿಷತ್ತಿನ ಜಾಲತಾಣದಲ್ಲಿರುವ ಪಟ್ಟಿಯನ್ನೇ ನೋಡಿ. ಮಾನ್ಯತೆ ಕೊಡುವುದು ಸಂಸ್ಥೆಗೆ ಸಾರಾಸಗಟಾಗಿ ಅಲ್ಲ. ಇಂಥ ಕೋರ್ಸಿಗೆ, ಇಂಥ ಶೈಕ್ಷಣಿಕ ವರ್ಷಗಳಿಗೆ, ಇಷ್ಟು ಸೀಟಿಗೆ ಎಂದು ಕೊಡುತ್ತಾರೆ. ಶ್ರವಣದೋಷದ ಡಿ.ಎಡ್.ಗೆ ಮಾನ್ಯತೆ ಇರುವ ಕಾಲೇಜಿಗೆ ಐ.ಡಿ.ಡಿ.ಗೆ ಇಲ್ಲದಿರಬಹುದು. ಕಳೆದ ವರ್ಷ ಇದ್ದದ್ದು ಈ ವರ್ಷ ನವೀಕರಣವಾಗದೆ ಉಳಿದಿರಬಹುದು. ನೀವು ಸೇರುವ ವರ್ಷದ ಪಟ್ಟಿಯ ಆ ಪುಟವನ್ನು ಮುದ್ರಿಸಿಟ್ಟುಕೊಳ್ಳಿ. ಪ್ರವೇಶದ ವಿಧಾನವನ್ನೂ ಪರಿಷತ್ತು ಆಗಾಗ ಬದಲಿಸುತ್ತಿರುವುದರಿಂದ ಅಣ್ಣನೋ ಅಕ್ಕನೋ ಸೇರಿದ ರೀತಿಯನ್ನು ನಂಬಿ ಕುಳಿತರೆ ಕೊನೆಯ ದಿನಾಂಕ ದಾಟಿಹೋಗುತ್ತದೆ.

ವಾರಾಂತ್ಯದಲ್ಲಿ ಮುಗಿಯುವ ‘ಆಟಿಸಂ ತಜ್ಞ’, ‘ಶ್ಯಾಡೋ ಟೀಚರ್’ (ತರಗತಿಯಲ್ಲಿ ಒಂದೇ ಮಗುವಿನ ಜೊತೆಗಿದ್ದು ನೆರವಾಗುವವರು) ಪ್ರಮಾಣಪತ್ರಗಳಿಂದ ಸ್ವಲ್ಪ ತಿಳಿವಳಿಕೆ ಬರಬಹುದು, ಅರ್ಹತೆ ಬರುವುದಿಲ್ಲ. ವರ್ತನೆಯ ಚಿಕಿತ್ಸೆಯ ಹೆಸರಿನಲ್ಲಿ ಅಮೆರಿಕದ ಆರ್.ಬಿ.ಟಿ. (ರಿಜಿಸ್ಟರ್ಡ್ ಬಿಹೇವಿಯರ್ ಟೆಕ್ನಿಷಿಯನ್) ಪ್ರಮಾಣಪತ್ರದ ಆಸೆ ತೋರಿಸಿ 40 ಗಂಟೆಯ ತರಬೇತಿ ಮಾರುವವರಿದ್ದಾರೆ. ಆ ಪ್ರಮಾಣಪತ್ರ ಕೊಡುವ ಮಂಡಳಿ 2023ರ ಆರಂಭದಿಂದ ಭಾರತದಲ್ಲಿ ನೆಲೆಸಿರುವವರ ಹೊಸ ಅರ್ಜಿಗಳನ್ನು ತೆಗೆದುಕೊಳ್ಳುತ್ತಿಲ್ಲ. ದುಡ್ಡು ಕಟ್ಟುವ ಮುನ್ನ ಇಷ್ಟು ಗೊತ್ತಿರಲಿ.

ನಾಲ್ಕನೆಯ ಹೆಜ್ಜೆ: ಕೋರ್ಸಿನ ಒಳಗೆ ನಿಜವಾಗಿ ಕಲಿಯಬೇಕಾದದ್ದು

ಪಠ್ಯಕ್ರಮದಲ್ಲಿ ಕಾಯಿಲೆಗಳ ವರ್ಗೀಕರಣ, ಬುದ್ಧಿಮಾಪನದ ಅಂಕಿಗಳು, ಸಿದ್ಧಾಂತಿಗಳ ಹೆಸರುಗಳು ತುಂಬಿರುತ್ತವೆ. ಪರೀಕ್ಷೆಗೆ ಓದಲೇಬೇಕು, ಓದಿ. ನಿಮ್ಮನ್ನು ಕೆಲಸಗಾರರನ್ನಾಗಿ ಮಾಡುವುದು ಮಾತ್ರ ಬೇರೆ ಸಂಗತಿಗಳು.

ಮೊದಲನೆಯದು, ಕೆಲಸವನ್ನು ಬಿಡಿಸಿ ನೋಡುವುದು. ಊಟವನ್ನೇ ತೆಗೆದುಕೊಳ್ಳಿ. ‘ಮಗು ತಾನಾಗಿ ಉಣ್ಣುತ್ತದೆ’ ಎಂಬ ಗುರಿ ಬರೆಯುವುದು ಸುಲಭ. ಅನ್ನ ಸಾರು ಕೈಯಲ್ಲಿ ಉಣ್ಣುವುದರಲ್ಲಿ ಎಷ್ಟು ಹೆಜ್ಜೆಗಳಿವೆ ನೋಡಿ: ತಟ್ಟೆಯ ಮುಂದೆ ಕೂರುವುದು, ಎಡಗೈಯನ್ನು ಸುಮ್ಮನಿಡುವುದು, ಬೆರಳುಗಳಿಂದ ಕಲಸುವುದು, ತುತ್ತು ಕೂಡಿಸುವುದು, ಹೆಬ್ಬೆರಳ ಆಸರೆಯಲ್ಲಿ ಎತ್ತುವುದು, ಬಾಯಿಯವರೆಗೆ ಚೆಲ್ಲದೆ ತರುವುದು, ಹೆಬ್ಬೆರಳಿನಿಂದ ಒಳಕ್ಕೆ ತಳ್ಳುವುದು. ಹೊರದೇಶದ ಕೈಪಿಡಿಗಳೆಲ್ಲ ಚಮಚದಿಂದ ಶುರುವಾಗುತ್ತವೆ. ಚಮಚವೇ ಸುಲಭವಾಗುವ ಮಕ್ಕಳೂ ಇದ್ದಾರೆ, ಬೆರಳು ಬಿಗಿಯಾಗಿರುವ ಮಗುವಿಗೆ ಹಿಡಿ ದಪ್ಪವಾದ ಚಮಚ ವರವೇ ಸರಿ. ಆದರೆ ಮನೆಯವರೆಲ್ಲ ಕೈಯಲ್ಲಿ ಉಣ್ಣುವಾಗ ಮಗುವೂ ಕೈಯಲ್ಲೇ ಉಣ್ಣಬಯಸಿದರೆ ಕಲಿಸಬೇಕಾದದ್ದು ಅದನ್ನೇ.

ಹೀಗೆ ಬಿಡಿಸಿದ ಮೇಲೆ ಕೊನೆಯಿಂದ ಹಿಂದಕ್ಕೆ ಬರುವುದು ಒಂದು ಒಳ್ಳೆಯ ಉಪಾಯ. ಕಲಸಿ, ತುತ್ತು ಮಾಡಿ, ಮಗುವಿನ ಕೈಹಿಡಿದು ತುಟಿಯ ತನಕ ನೀವೇ ತನ್ನಿ, ಬಾಯೊಳಗಿಡುವುದನ್ನಷ್ಟೇ ಮಗುವಿಗೆ ಬಿಡಿ. ಮೊದಲ ದಿನವೇ ಕೆಲಸ ಮುಗಿಸಿದ ಸಂತೋಷ ಮಗುವಿನದಾಗುತ್ತದೆ. ಅದು ಗಟ್ಟಿಯಾದ ಮೇಲೆ ಎತ್ತುವುದನ್ನು ಬಿಟ್ಟುಕೊಡಿ, ಆಮೇಲೆ ತುತ್ತು ಕೂಡಿಸುವುದನ್ನು. ನೆರವನ್ನು ಕೊಡುವುದಕ್ಕಿಂತ ಹಿಂದಕ್ಕೆ ತೆಗೆಯುವುದು ಕಷ್ಟದ ವಿದ್ಯೆ. ಅಜ್ಜಿಯರಿಗಂತೂ ಇದನ್ನು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಊಟದ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಸೆರೆಬ್ರಲ್ ಪಾಲ್ಸಿ ಇರುವ ಹಲವರಿಗೆ ನುಂಗುವುದೇ ಕಷ್ಟ. ಮಲಗಿಸಿಕೊಂಡು, ತಲೆ ಹಿಂದಕ್ಕೆ ವಾಲಿಸಿ ಬಾಯಿಗೆ ಸುರಿಯುವ ಅಭ್ಯಾಸ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಅನ್ನನಾಳಕ್ಕೆ ಹೋಗಬೇಕಾದದ್ದು ಶ್ವಾಸನಾಳಕ್ಕೆ ಇಳಿದು ಪದೇ ಪದೇ ನ್ಯುಮೋನಿಯಾ ಆಗಲು ಇದೇ ದಾರಿ. ಬೆನ್ನು ನೆಟ್ಟಗಿರಬೇಕು, ಗದ್ದ ತುಸು ಕೆಳಕ್ಕಿರಬೇಕು, ಒಂದು ತುತ್ತು ಇಳಿದ ಮೇಲೆ ಇನ್ನೊಂದು. ಮುದ್ದೆಯನ್ನು ಅಗಿಯದೆ ನುಂಗುವ ನಾಡು ನಮ್ಮದು. ನುಂಗುವ ತೊಂದರೆ ಇರುವವರಿಗೆ ಆ ರೂಢಿ ಒಗ್ಗುವುದಿಲ್ಲ. ಯಾವ ಹದದ ಆಹಾರ ಎಂಬುದನ್ನು ವಾಕ್ ಚಿಕಿತ್ಸಕರು ನೋಡಿ ಹೇಳಲಿ. ಊಟದ ನಡುವೆ ಕೆಮ್ಮು, ಗೊರಗೊರ ದನಿ, ಕಣ್ಣಲ್ಲಿ ನೀರು ಕಂಡರೆ ನಿಲ್ಲಿಸಿ.

ಎರಡನೆಯದು, ವರ್ತನೆಯನ್ನು ಓದುವುದು. ಹುಡುಗ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಾನೆ, ಪಕ್ಕದವರನ್ನು ಕಚ್ಚುತ್ತಾನೆ. ‘ಹಟ’ ಎಂದರೆ ವಿಷಯ ಅಲ್ಲಿಗೆ ಮುಚ್ಚಿತು. ಅದರ ಬದಲು ಮೂರು ಕಾಲಂ ಎಳೆದು ಬರೆಯಿರಿ: ಅದಕ್ಕೆ ಮುಂಚೆ ಏನಾಯಿತು, ಅವನು ಏನು ಮಾಡಿದ, ಆಮೇಲೆ ಅವನಿಗೆ ಏನು ಸಿಕ್ಕಿತು ಅಥವಾ ಏನು ತಪ್ಪಿತು. ವಾರದೊಳಗೆ ಒಂದು ಜಾಡು ಕಾಣತೊಡಗುತ್ತದೆ. ಅಡುಗೆ ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯುವ ಹೊತ್ತಿಗೇ ಕಿರುಚಾಟ ಶುರುವಾಗುತ್ತಿರಬಹುದು. ಕಷ್ಟದ ಪಾಠ ಮುಂದಿಟ್ಟಾಗಲೇ ಕಚ್ಚುತ್ತಿರಬಹುದು, ಕಚ್ಚಿದರೆ ಪಾಠ ನಿಲ್ಲುತ್ತದೆ ಎಂದು ಅವನಿಗೆ ಕಲಿಸಿಕೊಟ್ಟವರು ನೀವೇ ಆಗಿರಬಹುದು. ಹಿಂದೆ ಇಲ್ಲದ ವರ್ತನೆ ದಿಢೀರನೆ ಬಂದರೆ ಮೊದಲು ಹಲ್ಲು, ಕಿವಿ, ಹೊಟ್ಟೆ, ಮಲಬದ್ಧತೆ ನೋಡಿಸಿ. ನೋವನ್ನು ಹೇಳಲು ಮಾತಿಲ್ಲದವರು ನೋವನ್ನು ಹೀಗೆಯೇ ಹೇಳುತ್ತಾರೆ. ಹೊಡೆಯುವುದು, ಕೋಣೆಯಲ್ಲಿ ಕೂಡಿಹಾಕುವುದು, ಊಟ ತಡೆಯುವುದು ಯಾವ ತರಬೇತಿಯ ಭಾಗವೂ ಅಲ್ಲ. ಹಾಗೆ ಕಲಿಸುವ ಕೇಂದ್ರ ಸಿಕ್ಕರೆ ಬಿಟ್ಟು ಹೊರಡಿ.

ಮೂರನೆಯದು, ಭಾಷೆ. ಮನೆಯಲ್ಲಿ ತುಳು, ಕೊಂಕಣಿ, ಉರ್ದು, ಲಂಬಾಣಿ, ಶಾಲೆಯಲ್ಲಿ ಕನ್ನಡ, ಥೆರಪಿ ಕೇಂದ್ರದಲ್ಲಿ ಇಂಗ್ಲಿಷ್. ‘ಗೊಂದಲವಾಗುತ್ತದೆ, ಮನೆಯಲ್ಲೂ ಇಂಗ್ಲಿಷ್ ಒಂದನ್ನೇ ಆಡಿ’ ಎಂದು ಸಲಹೆ ಕೊಡುವವರು ಈಗಲೂ ಇದ್ದಾರೆ. ಎರಡು ಭಾಷೆ ಕೇಳುವುದರಿಂದ ಆಟಿಸಂ ಅಥವಾ ಡೌನ್ ಸಿಂಡ್ರೋಮ್ ಇರುವ ಮಕ್ಕಳ ಮಾತು ಹಿಂದೆ ಬೀಳುವುದಿಲ್ಲ ಎಂದೇ ಸಂಶೋಧನೆಗಳು ಹೇಳುತ್ತವೆ. ಅಜ್ಜಿಯ ಭಾಷೆ ಕಿತ್ತುಕೊಂಡರೆ ಮಗುವಿನ ಜೊತೆ ಹೆಚ್ಚು ಹೊತ್ತು ಮಾತಾಡುವ ವ್ಯಕ್ತಿಯ ಬಾಯನ್ನೇ ಕಟ್ಟಿದಂತಾಗುತ್ತದೆ. ನಿಮಗೆ ಬರುವ ಮನೆಮಾತನ್ನು ನಿಮ್ಮ ಅರ್ಹತೆಗಳ ಸಾಲಿನಲ್ಲಿ ಧಾರಾಳವಾಗಿ ಬರೆದುಕೊಳ್ಳಿ. ಅಂಗಡಿಯಲ್ಲಿ ಸಿಗುವ ಚಿತ್ರಕಾರ್ಡುಗಳಲ್ಲಿ ಹಿಮದ ಗೊಂಬೆಯೂ ಟೋಸ್ಟರ್ ಯಂತ್ರವೂ ಇರುತ್ತವೆ. ಮಗುವಿನ ಮನೆಯ ಚೊಂಬು, ಚಾಪೆ, ಬಚ್ಚಲು, ಅದು ಹತ್ತುವ ಬಸ್ಸು ಇವುಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಅಂಟಿಸಿದರೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ತಯಾರು. ಮಾತಿಲ್ಲದವರಿಗೆ ಚಿತ್ರ, ಸನ್ನೆ, ಆ್ಯಪ್ ಕೊಟ್ಟರೆ ಮಾತು ಬರುವುದೇ ಇಲ್ಲ ಎಂಬ ಭಯ ಹೆತ್ತವರಲ್ಲಿ ಇರುತ್ತದೆ. ಚಿತ್ರ ತೋರಿಸಿ ನೀರು ಕೇಳಲು ಕಲಿತ ಮಗು ಮಾತಿಗೆ ದೂರವಾಗುವುದಿಲ್ಲ ಎಂದು ತಿಳಿಸಿ ಹೇಳುವುದೂ ನಿಮ್ಮ ಕೆಲಸವೇ.

ನಾಲ್ಕನೆಯದು, ಬರೆದಿಡುವುದು. ಮಗು ಏನೇನು ಮಾಡಬಲ್ಲದು ಎಂದು ಅಳೆಯಲು ಭಾರತದ ಮಕ್ಕಳಿಗಾಗಿಯೇ ರೂಪುಗೊಂಡ ಸಾಧನಗಳು ನಮ್ಮಲ್ಲಿವೆ. ಮದ್ರಾಸಿನಲ್ಲಿ ತಯಾರಾದ ಎಂ.ಡಿ.ಪಿ.ಎಸ್. 18 ಕ್ಷೇತ್ರಗಳಲ್ಲಿ ಇಪ್ಪತ್ತರಂತೆ 360 ಕೌಶಲಗಳನ್ನು ಪಟ್ಟಿ ಮಾಡುತ್ತದೆ. ಸಿಕಂದರಾಬಾದ್ ಸಂಸ್ಥೆಯ ಎಫ್.ಎ.ಸಿ.ಪಿ. ಎಂಬ ಇಂಥದೇ ಪಟ್ಟಿ ವಿಶೇಷ ಶಾಲೆಗಳಲ್ಲಿ ಹೆಚ್ಚು ಬಳಕೆಯಲ್ಲಿದೆ. ಇವುಗಳ ಆಧಾರದ ಮೇಲೆ ಪ್ರತಿ ಮಗುವಿಗೂ ವೈಯಕ್ತಿಕ ಯೋಜನೆ ಬರೆಯುವುದನ್ನು ಚೆನ್ನಾಗಿ ಕಲಿಯಿರಿ. ‘ಇವತ್ತು ಚೆನ್ನಾಗಿ ಮಾಡಿದಳು’ ಎಂಬುದು ದಾಖಲೆಯಲ್ಲ. ‘5 ಸಲದಲ್ಲಿ 3 ಸಲ ಯಾರೂ ಹೇಳದೆಯೇ ಊಟದ ತಟ್ಟೆ ತೊಳೆಯುವ ಜಾಗದಲ್ಲಿಟ್ಟಳು’ ಎಂಬುದು ದಾಖಲೆ. ನೀವು ರಜೆಯಲ್ಲಿದ್ದಾಗ ಬರುವವರಿಗೆ ಅರ್ಥವಾದರೆ ಬರವಣಿಗೆ ಸರಿಯಾಗಿದೆ ಎಂದು ಲೆಕ್ಕ.

ಇನ್ನು ಪ್ರಾಣಕ್ಕೆ ಸಂಬಂಧಿಸಿದ್ದು. ಫಿಟ್ಸ್ ಬಂದವರನ್ನು ಕಂಡರೆ ಕೈಗೆ ಬೀಗದ ಕೈ ಗೊಂಚಲು ಕೊಡುವವರು, ಮೂಗಿಗೆ ಚಪ್ಪಲಿ ಹಿಡಿಯುವವರು, ಹಲ್ಲಿನ ನಡುವೆ ಚಮಚ ತುರುಕುವವರು ಒಮ್ಮೆಗೇ ಸುತ್ತುವರಿಯುತ್ತಾರೆ. ನೀವು ಮಾಡಬೇಕಾದದ್ದು ಕಡಿಮೆ: ಸುತ್ತಲಿನ ಗಟ್ಟಿ ವಸ್ತು ಸರಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಿ, ಒಂದು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ಏನನ್ನೂ ಹಾಕಬೇಡಿ, ನೀರನ್ನೂ ಕೂಡ. ಐದು ನಿಮಿಷ ದಾಟಿದರೆ ಅಥವಾ ಪ್ರಜ್ಞೆ ಮರಳುವ ಮೊದಲೇ ಮತ್ತೆ ಬಂದರೆ 108ಕ್ಕೆ ಕರೆ ಮಾಡಿ. ಡೌನ್ ಸಿಂಡ್ರೋಮ್ ಇರುವ ಕೆಲವರ ಕುತ್ತಿಗೆಯ ಕೀಲು ಸಡಿಲವಾಗಿರುವುದರಿಂದ ಪಲ್ಟಿ ಹೊಡೆಸುವ ಆಟಗಳಿಗೆ ಮುನ್ನ ವೈದ್ಯರನ್ನು ಕೇಳಿ. ದೊಡ್ಡವರನ್ನು ಎತ್ತುವಾಗ ಇಬ್ಬರಿರಿ, ಮೊಣಕಾಲು ಬಾಗಿಸಿ. ಈ ವೃತ್ತಿಯನ್ನು ಬಿಟ್ಟವರಲ್ಲಿ ಮನಸ್ಸು ಮುರಿದು ಬಿಟ್ಟವರಷ್ಟೇ ಬೆನ್ನು ಮುರಿದು ಬಿಟ್ಟವರೂ ಇದ್ದಾರೆ.

ಸ್ನಾನ, ಶೌಚ, ಮುಟ್ಟಿನ ದಿನಗಳ ನೆರವಿನಲ್ಲಿ ಬಾಗಿಲು ಮುಚ್ಚುವುದು, ಮುಟ್ಟುವ ಮೊದಲು ಹೇಳುವುದು, ಹೆಣ್ಣುಮಕ್ಕಳಿಗೆ ಹೆಂಗಸರೇ ನೆರವಾಗುವುದು ಮೊದಲ ದಿನದಿಂದಲೇ ಅಭ್ಯಾಸವಾಗಲಿ. ದಿನವೂ ಹತ್ತು ಕೈಗಳು ಕೇಳದೆ ಮುಟ್ಟುವ ದೇಹಕ್ಕೆ ಕೆಟ್ಟ ಸ್ಪರ್ಶ ಯಾವುದೆಂದು ಪಾಠ ಮಾಡಿ ಪ್ರಯೋಜನವಿಲ್ಲ. ಹದಿನೆಂಟು ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ‘ಸಂಸ್ಥೆಯ ಮರ್ಯಾದೆ’ ಎಂದು ಸುಮ್ಮನಿರುವುದೂ ಅಪರಾಧವೇ. ಮಕ್ಕಳ ಸಹಾಯವಾಣಿ 1098.

ಐದನೆಯ ಹೆಜ್ಜೆ: ಕಾಗದಪತ್ರಗಳ ವಿದ್ಯೆ

ತಂದೆತಾಯಿಯ ಕಣ್ಣಲ್ಲಿ ನಿಮ್ಮ ಬೆಲೆ ಏರುವುದು ಬಹುಪಾಲು ಇಲ್ಲಿಯೇ. ವಿಶಿಷ್ಟ ಗುರುತಿನ ಯು.ಡಿ.ಐ.ಡಿ. ಕಾರ್ಡ್, ಮಾಸಾಶನ, ಬಸ್ ಪಾಸ್, ರಾಷ್ಟ್ರೀಯ ನ್ಯಾಸ ಕಾಯ್ದೆಯ ನಾಲ್ಕು ವಿಕಲತೆಗಳಿಗೆ ಒಂದು ಲಕ್ಷ ರೂಪಾಯಿವರೆಗಿನ ‘ನಿರಾಮಯ’ ಆರೋಗ್ಯ ವಿಮೆ ಇವುಗಳ ಅರ್ಜಿ ತುಂಬುವುದನ್ನು ಕಲಿತಿಡಿ. ಇನ್ನೊಂದು ಬಹುಪಾಲು ಹೆತ್ತವರಿಗೆ ಗೊತ್ತೇ ಇರುವುದಿಲ್ಲ: ಮಗನಿಗೆ ಹದಿನೆಂಟು ತುಂಬಿದ ದಿನದಿಂದ ಕಾನೂನಿನ ಪ್ರಕಾರ ಅವರು ಅವನ ಸಹಜ ಪಾಲಕರಲ್ಲ. ಬ್ಯಾಂಕಿನಲ್ಲಿ, ಆಸ್ತಿಯ ವಿಷಯದಲ್ಲಿ ತೊಡಕು ಬಂದಾಗಲೇ ಇದು ತಿಳಿಯುವುದು. ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಪಾಲಕರನ್ನು ನೇಮಿಸುತ್ತದೆ. ಎಲ್ಲರಿಗೂ ಪಾಲಕತ್ವ ಬೇಕೆಂದೇನಿಲ್ಲ. ತನ್ನ ವಿಷಯವನ್ನು ತಾನೇ ನಿರ್ಧರಿಸಬಲ್ಲವರಿಗೆ ಅದನ್ನು ಹೇರಬಾರದು.

ಆರನೆಯ ಹೆಜ್ಜೆ: ದೊಡ್ಡವರ ಕಡೆಗೆ ನೋಡುವುದು

ಹೊಸಬರೆಲ್ಲ ಚಿಕ್ಕ ಮಕ್ಕಳ ಕೇಂದ್ರಗಳತ್ತ ಓಡುತ್ತಾರೆ. ಅಲ್ಲಿ ಶುಲ್ಕ ಕೊಡುವ ಹೆತ್ತವರಿದ್ದಾರೆ, ಬದಲಾವಣೆ ಬೇಗ ಕಾಣುತ್ತದೆ. ಆದರೆ ಆಟಿಸಂ ಇರುವ ಮಗು ಬೆಳೆದು ನಲವತ್ತಾಗುತ್ತದೆ. ವಿಶೇಷ ಶಾಲೆ ಮುಗಿದ ಮೇಲೆ ಮನೆಯಲ್ಲಿ ಟಿ.ವಿ. ಮುಂದೆ ಕುಳಿತು ವರ್ಷಗಳು ಕಳೆಯುತ್ತವೆ, ಅಪ್ಪ ಅಮ್ಮನಿಗೆ ವಯಸ್ಸಾಗುತ್ತದೆ. ಈ ವಯಸ್ಸಿನವರಿಗೆ ನೆರವಾಗಬಲ್ಲ ತರಬೇತಾದ ಕೈಗಳೇ ಕಡಿಮೆ. ಮುಂದಿನ ವರ್ಷಗಳಲ್ಲಿ ಹೆಚ್ಚು ಬೇಡಿಕೆ ಇರುವುದು ಇಲ್ಲಿಯೇ ಎಂದು ನಾನಂತೂ ನಂಬಿದ್ದೇನೆ.

ವೃತ್ತಿ ತರಬೇತಿ ಎಂದರೆ ನಮ್ಮಲ್ಲಿ ಕಾಗದದ ಚೀಲ, ಮೇಣದಬತ್ತಿ, ದೀಪಾವಳಿಗೆ ಹಣತೆಗೆ ಬಣ್ಣ. ಇಷ್ಟವಿದ್ದವರು ಮಾಡಲಿ. ಆದರೆ ಬಣ್ಣವೇ ಇಷ್ಟವಿಲ್ಲದ, ವಸ್ತುಗಳನ್ನು ಸಾಲಾಗಿ ಜೋಡಿಸಿದರೆ ಖುಷಿಪಡುವ ಯುವಕ ಅಂಗಡಿಯ ದಾಸ್ತಾನು ಕೋಣೆಯಲ್ಲಿ ಮಿಂಚಬಲ್ಲ. ಬೆಂಗಳೂರಿನ ಅಂಬಾ ಸಂಸ್ಥೆ ಬೌದ್ಧಿಕ ವಿಕಲತೆ ಇರುವ ದೊಡ್ಡವರಿಗೆ ಕಂಪ್ಯೂಟರಿನಲ್ಲಿ ದತ್ತಾಂಶ ತುಂಬುವ ಕೆಲಸ ಕಲಿಸಿತು. ವಿಕಲತೆ ಇರುವವರೇ ಕೆಲಸ ಮಾಡುವ, 2017ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ಮಿಟ್ಟಿ ಕೆಫೆ 2023ರಲ್ಲಿ ಸುಪ್ರೀಂ ಕೋರ್ಟಿನ ಆವರಣದವರೆಗೂ ಹೋಯಿತು. ಕೆಲಸದ ಜಾಗದಲ್ಲೇ ಪಕ್ಕದಲ್ಲಿ ನಿಂತು ಕಲಿಸಿ, ಮೇಲ್ವಿಚಾರಕರಿಗೂ ತಿಳಿಹೇಳಿ, ಮೆಲ್ಲಗೆ ಹಿಂದೆ ಸರಿಯುವ ‘ಜಾಬ್ ಕೋಚ್’ ಕೆಲಸಕ್ಕೆ ಡಿ.ಎಡ್. ಓದಿದವರು ಚೆನ್ನಾಗಿ ಒಗ್ಗುತ್ತಾರೆ. ಕೋರ್ಸಿನಲ್ಲಿ ಕ್ಷೇತ್ರಕಾರ್ಯದ ಆಯ್ಕೆ ಸಿಕ್ಕರೆ ಒಂದು ಅವಧಿಯನ್ನಾದರೂ ದೊಡ್ಡವರ ಕೇಂದ್ರದಲ್ಲಿ ಕೇಳಿ ಪಡೆಯಿರಿ.

ಏಳನೆಯ ಹೆಜ್ಜೆ: ಮೊದಲ ಕೆಲಸ

ಸಂಬಳದ ವಿಷಯದಲ್ಲಿ ಸಿಹಿ ಮಾತು ಬೇಡ. ಅನುದಾನವನ್ನು ನಂಬಿದ ವಿಶೇಷ ಶಾಲೆಗಳಲ್ಲಿ ಅನುದಾನ ತಡವಾದರೆ ಸಂಬಳವೂ ತಡ. ಖಾಸಗಿ ಕೇಂದ್ರಗಳಲ್ಲಿ ಹಣ ಹೆಚ್ಚು, ದಣಿವೂ ಹೆಚ್ಚು, ಒಂದರ ಹಿಂದೊಂದು ಮಗು ಬರುತ್ತಲೇ ಇರುತ್ತದೆ. ಸಾಮಾನ್ಯ ಶಾಲೆಗಳಲ್ಲೂ ವಿಶೇಷ ಶಿಕ್ಷಕರ ಹುದ್ದೆಗಳನ್ನು ಸೃಷ್ಟಿಸಬೇಕೆಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರಿನಲ್ಲಿ ತೀರ್ಪು ಕೊಟ್ಟಿದೆ. ನೇಮಕಾತಿ ಅಧಿಸೂಚನೆಗಳ ಮೇಲೆ ಕಣ್ಣಿಟ್ಟಿರಿ. ತಾಲ್ಲೂಕು ಮಟ್ಟದಲ್ಲಿ ಸಮಗ್ರ ಶಿಕ್ಷಣ ಎಂಬ ಸರ್ಕಾರಿ ಯೋಜನೆಯಡಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಕೆಲಸ ಮಾಡುತ್ತಾರೆ. ಮನೆಯಿಂದ ಹೊರಬರಲಾಗದ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವುದೂ ಅವರ ಹೊಣೆಯಲ್ಲಿ ಸೇರಿದೆ.

ಸಂದರ್ಶನಕ್ಕೆ ಹೋದಾಗ ನೀವೂ ಕೇಳಬೇಕಾದದ್ದಿದೆ. ಒಬ್ಬರಿಗೆ ಎಷ್ಟು ಮಕ್ಕಳು? ನನ್ನ ಕೆಲಸ ನೋಡಿ ತಿದ್ದುವ ಹಿರಿಯರು ಯಾರು, ಅವರ ನೋಂದಣಿ ಸಂಖ್ಯೆ ಏನು? ಮಗು ಹೊಡೆದಾಗ ಏನು ಮಾಡಬೇಕೆಂದು ಬರೆದ ನಿಯಮ ಇದೆಯೇ? ಶೌಚಾಲಯಕ್ಕೆ ಕರೆದೊಯ್ಯುವವರು ಯಾರು? ಹೆತ್ತವರು ಯಾವಾಗ ಬೇಕಾದರೂ ಒಳಗೆ ಬಂದು ನೋಡಬಹುದೇ? ಕೊನೆಯ ಪ್ರಶ್ನೆಗೆ ತಡವರಿಸುವ ಜಾಗಕ್ಕೆ ಸೇರಬೇಡಿ. ಮೂಲ ಅಂಕಪಟ್ಟಿಗಳನ್ನು ‘ಭದ್ರತೆಗಾಗಿ’ ಇಟ್ಟುಕೊಳ್ಳುತ್ತೇವೆ ಎನ್ನುವವರಿಗೆ ನಕಲು ಪ್ರತಿ ಕೊಟ್ಟು ಮೂಲ ಪ್ರತಿಯನ್ನು ಕೈಯಲ್ಲೇ ಇಟ್ಟುಕೊಳ್ಳಿ.

ಕೋರ್ಸ್ ಮುಗಿದ ಕೂಡಲೇ ಪರಿಷತ್ತಿನ ನೋಂದಣಿಗೆ ಅರ್ಜಿ ಹಾಕಿ, ಕೆಲಸ ಸಿಗಲಿ ಎಂದು ಕಾಯಬೇಡಿ. ಆ ನೋಂದಣಿಯನ್ನು ಕಾಲಕಾಲಕ್ಕೆ ನವೀಕರಿಸಬೇಕು. ಅದಕ್ಕೆ ಐದು ವರ್ಷದಲ್ಲಿ 100 ಸಿ.ಆರ್.ಇ. ಅಂಕ, ಅಂದರೆ ಪರಿಷತ್ತು ಒಪ್ಪಿದ ಕಾರ್ಯಾಗಾರಗಳಲ್ಲಿ ಭಾಗವಹಿಸಿದ ಲೆಕ್ಕ ತೋರಿಸಬೇಕಾಗುತ್ತದೆ. ಐದನೆಯ ವರ್ಷದ ಕೊನೆಯಲ್ಲಿ ಸಿಕ್ಕ ಸಿಕ್ಕ ಕಾರ್ಯಾಗಾರಕ್ಕೆ ನುಗ್ಗುವ ಬದಲು ವರ್ಷಕ್ಕೆ ಇಪ್ಪತ್ತರಂತೆ ಸೇರಿಸುತ್ತಾ ಹೋಗಿ, ಪ್ರಮಾಣಪತ್ರಗಳನ್ನು ಒಂದೇ ಕಡತದಲ್ಲಿಡಿ.